ಮಸ್ಕಿಯ ದಾರಿಯಲ್ಲಿ ಒಂದು ಅರ್ತ್ ವೈರು

ಅಶೋಕನ ಶಾಸನವನ್ನು ನೋಡಲು ನಾನೂ ನನ್ನ ಪತ್ನಿಯೂ ಬಳ್ಳಾರಿಯಿಂದ ಮಸ್ಕಿಗೆ ಹೊರಟಿದ್ದೆವು. ಆದರೆ ದಾರಿಯಲ್ಲಿ ಸಿಂಧನೂರಿನ ಮಿಸ್ತ್ರಿಯೊಬ್ಬರು ಕೆಲಸ ಮಾಡಿದ ರೀತಿ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ನಿಂತಿದೆಯೆಂದರೆ, ಮೊದಲು ಅದನ್ನೇ ಬರೆಯಬೇಕೆನಿಸುತ್ತದೆ.

ಸಿರುಗುಪ್ಪ ದಾಟುವವರೆಗೆ ತೊಂದರೆ ಇರಲಿಲ್ಲ. ದಢೇಸುಗೂರಿನ ಬಳಿ ತುಂಗಭದ್ರೆಯ ಸೇತುವೆ ದಾಟಿ ರಾಯಚೂರು ಜಿಲ್ಲೆ ಸೇರಿದ ಮೇಲೆ, ಬಿಸಿಲು ಏರುತ್ತಿದ್ದಂತೆ, 2004ರ ನಮ್ಮ ಪೆಟ್ರೋಲ್ ಕಾರಿನ ಹಳೆಯ ಕಾಯಿಲೆ ಮರುಕಳಿಸಿತು. ಆಕ್ಸಿಲರೇಟರ್ ಒತ್ತಿದರೂ ಎಂಜಿನ್ ಎಳೆಯದೆ, ಜಗ್ಗಿ ಜಗ್ಗಿ ನಿಂತುಬಿಡುತ್ತಿತ್ತು. ನೆರಳಿನಲ್ಲಿ ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತಿತ್ತು. ಹೀಗಾದಾಗಲೆಲ್ಲ ನಮ್ಮೂರಿನ ಗ್ಯಾರೇಜಿನವರು ಮೀಟರ್ ಹಚ್ಚಿ ನೋಡದೆಯೇ, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪು ಬಿಸಿಲಿಗೆ ಸುಟ್ಟಿದೆಯೆಂದು ಹೇಳಿ ಹೊಸದನ್ನು ಹಾಕಿ ಹಣ ಪಡೆಯುತ್ತಿದ್ದರು. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ನಿಲ್ಲುತ್ತ ನಿಲ್ಲುತ್ತ ಸಿಂಧನೂರು ಮುಟ್ಟಿ, ತಗಡಿನ ಚಪ್ಪರದ ಸಣ್ಣ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿದೆವು. ಕಥೆಯನ್ನೆಲ್ಲ ಕೇಳಿಸಿಕೊಂಡ ಮಿಸ್ತ್ರಿ, "ಪಂಪ್ ಬಿಚ್ಚೂದು ಆಮ್ಯಾಲ ನೋಡೂಣ್ರಿ ಸರ, ಮೊದಲ ಅದಕ್ಕ ಕರೆಂಟ್ ಎಷ್ಟು ಮುಟ್ಟತೈತಿ ನೋಡೂಣು" ಎಂದು ಹಿಂದಿನ ಸೀಟು ಎತ್ತಿದರು. ಎಂಜಿನ್ ಚಾಲೂ ಇರುವಾಗಲೇ ಮೀಟರ್ ಹಚ್ಚಿದರೆ ಬ್ಯಾಟರಿಯಲ್ಲಿ 13.8 ವೋಲ್ಟ್ ಇತ್ತು, ಪಂಪಿನ ಕನೆಕ್ಟರಿನಲ್ಲಿ ಕೇವಲ 9.6. ಉಳಿದದ್ದು ದಾರಿಯಲ್ಲೇ ಸೋರಿಹೋಗುತ್ತಿತ್ತು. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ತಿರುಗುವ ಪಂಪು, ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರುಗಳಿಗೆ ಬೇಕಾದ ಒತ್ತಡವನ್ನು ಕೊಡಲಾರದು.

"ಹಂಗಾದ್ರ ತಣ್ಣಗಾದ ಮ್ಯಾಲ ಹೆಂಗ ಚಾಲೂ ಆಗತೈತಿ?" ಎಂದು ನನ್ನ ಪತ್ನಿ ಕೇಳಿದರು.

"ಅಕ್ಕಾರ, ತುಕ್ಕು ಹಿಡದ ಜಾಗ ಕಾದಂಗೆಲ್ಲ ಕರೆಂಟ್ ತಡಿತೈತ್ರಿ. ಆರಿದ ಮ್ಯಾಲ ಒಂದೀಟು ಬಿಡತೈತಿ."

ಪಂಪಿನಿಂದ ಕರೆಂಟ್ ಮರಳುವ ಅರ್ತ್ ವೈರನ್ನು ಕಾರಿನ ತಗಡಿಗೆ ಕೂಡಿಸಿದ್ದ ಬೋಲ್ಟನ್ನು ಅವರು ಬಿಚ್ಚಿದಾಗ ಅಡಿಯಿಂದ ಕಂದು ಪುಡಿ ಉದುರಿತು. ವೈರಿನ ತುದಿಯ ಹಿತ್ತಾಳೆ ಬಳೆ ಕಾದು ಕಾದು ಕಪ್ಪಾಗಿತ್ತು, ಅದರ ಪಕ್ಕದ ಪ್ಲಾಸ್ಟಿಕ್ ಕರಗಿ ಗಟ್ಟಿಯಾಗಿತ್ತು. ತಗಡು ಹೊಳೆಯುವವರೆಗೆ ಉಜ್ಜಿ, ದಪ್ಪನೆಯ ಹೊಸ ವೈರು ಕೂಡಿಸಿ, ಮೇಲೆ ಗ್ರೀಸ್ ಸವರಿದರು. ಮೀಟರ್ ಈಗ 13.4 ತೋರಿಸಿತು. ಡಿಕ್ಕಿಯಲ್ಲಿ ಉಳಿದಿದ್ದ ಹಳೆಯ ಪಂಪೊಂದನ್ನು ತರಿಸಿಕೊಂಡು, ಕಾರಿನಿಂದ ದೂರದಲ್ಲಿ ಬೇರೆ ಬ್ಯಾಟರಿಗೆ ಕ್ಷಣಕಾಲ ಮುಟ್ಟಿಸಿದರು. ಸುಟ್ಟುಹೋಗಿದೆಯೆಂದು ತೆಗೆದಿದ್ದ ಆ ಪಂಪು ಗುಂಯ್ ಎಂದು ತಿರುಗಿತು. ವೈರಿನ ಬೆಲೆಗೆ ಕೈಗೂಲಿಯಷ್ಟನ್ನೇ ಸೇರಿಸಿ ತೆಗೆದುಕೊಂಡ ಆ ಮನುಷ್ಯನಿಗೆ ನಾನು ಕೈಮುಗಿದೆ.

ಮಸ್ಕಿಗೆ ಹೋಗುವಾಗ ನಡುಹಗಲ ಉರಿಯಲ್ಲೂ ಕಾರು ಒಮ್ಮೆಯೂ ತಡವರಿಸಲಿಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅಲ್ಲಿ ಗುರುತಿಸಿದ ಬ್ರಾಹ್ಮೀ ಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ, ಬೇರೆಡೆಯ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನಿಂದ ಬರುವ ದೊರೆ ಅವನೇ ಎಂಬುದು ಖಚಿತವಾಯಿತು. ಹಂಪಿಗೆ ಹರಿದುಬರುವ ಜನರಲ್ಲಿ ಒಂದು ಪಾಲಾದರೂ ಈ ಬಂಡೆಯತ್ತ ಬರಬೇಕು.

ಹಳೆಯ ಕಾರಿನಲ್ಲಿ ಈ ಸೀಮೆಗೆ ಬರುವವರು ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇಟ್ಟುಕೊಳ್ಳಬೇಡಿ, ಏಕೆಂದರೆ ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಆ ಪೆಟ್ರೋಲೇ. ಪಂಪು ಕೆಟ್ಟಿದೆಯೆಂದು ಯಾರಾದರೂ ಹೇಳಿದರೆ, ಎಂಜಿನ್ ಓಡುತ್ತಿರುವಾಗ ಅದಕ್ಕೆ ಎಷ್ಟು ವೋಲ್ಟ್ ಮುಟ್ಟುತ್ತಿದೆ ಎಂಬುದನ್ನು ನಿಮ್ಮ ಕಣ್ಣೆದುರೇ ಅಳೆಯಿಸಿ, ಬಿಚ್ಚಿದ ಪಂಪನ್ನು ಕೇಳಿ ಪಡೆದುಕೊಳ್ಳಿ.