‘ಗಮನಕ್ಕೆ ಬಂದಿದೆಯೇ’ ಎಂದು ಶುರುಮಾಡಬೇಡಿ

ಮಕ್ಕಳ ಹಕ್ಕುಗಳ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಹೇಳುವುದಿಷ್ಟೇ: ಶಾಸಕರ ಹತ್ತಿರ ಹೋಗುವಾಗ ಬರೀ ಮನವಿ ಪತ್ರ ಸಾಲದು, ಅವರು ಸದನದಲ್ಲಿ ಕೇಳಬಹುದಾದ ಪ್ರಶ್ನೆಯನ್ನೂ ಬರೆದುಕೊಂಡು ಹೋಗಿ. ನಾನಿದನ್ನು ಕಲಿತದ್ದು ಮೂಡಿಗೆರೆ ಕಡೆಯ ಕಾಫಿ ತೋಟಗಳ ಮಕ್ಕಳಿಂದಾಗಿ.

ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು. ಹೊರಗಿನಿಂದ ಬಂದ ಕುಟುಂಬಗಳು ತೋಟದ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಇಳಿದಿರುತ್ತವೆ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದವರನ್ನು. ಅದಕ್ಕೂ ಚಿಕ್ಕವು ತಾಯಿಯ ಜೊತೆ ತೋಟಕ್ಕೇ ಬರುತ್ತವೆ. ಗಿಡದ ಬುಡದಲ್ಲಿ ಹಾಸಿದ ಗೋಣಿಚೀಲದ ಮೇಲೆ ಕೂಸು, ಪಕ್ಕದಲ್ಲಿ ಇರುವೆ ಓಡಿಸುತ್ತಾ ಕೂತ ಎಂಟು ವರ್ಷದ ಅಕ್ಕ. ಆ ಹೊತ್ತಿಗೆ ಅವಳು ಶಾಲೆಯಲ್ಲಿರಬೇಕಿತ್ತು. ಕೂಸಿಗೆ ಜಾಗ ಮಾಡಿದರೆ ಅವಳಿಗೂ ಬಿಡುಗಡೆ.

ಇದಕ್ಕೆ ಹೊಸ ಕಾನೂನು ಕೇಳಬೇಕೇ ಎಂದು ವಿಚಾರಿಸಿದಾಗ, ನಮ್ಮ ಸಂಸ್ಥೆಯ ಹಿರಿಯ ಅಕ್ಕ 1951ರ ತೋಟ ಕಾರ್ಮಿಕರ ಕಾಯ್ದೆ ತೆಗೆದು 12ನೇ ಕಲಂ ತೋರಿಸಿದರು. ಆಗ ಅದಿನ್ನೂ ಜಾರಿಯಲ್ಲಿತ್ತು. 50 ಮಹಿಳಾ ಕಾರ್ಮಿಕರಿರುವ, ಇಲ್ಲವೇ ಅವರ ಮಕ್ಕಳು 20 ಇರುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕು; ಗುತ್ತಿಗೆಯಲ್ಲಿ ಬಂದವರೂ ಲೆಕ್ಕಕ್ಕೆ ಸೇರುತ್ತಾರೆ. ನಮ್ಮ ಕಡೆ ಸಣ್ಣ ತೋಟಗಳೇ ಹೆಚ್ಚು, ಅಷ್ಟು ಜನ ಎಲ್ಲಿರುತ್ತಾರೆ? ಅದಕ್ಕೂ ಅಲ್ಲೇ ಉತ್ತರವಿತ್ತು: ಸಂಖ್ಯೆ ಕಡಿಮೆಯಿದ್ದರೂ, ಮಕ್ಕಳನ್ನು ನೋಡಿ ಅಗತ್ಯವೆನಿಸಿದರೆ ರಾಜ್ಯ ಸರ್ಕಾರ ಆದೇಶ ಮಾಡಬಹುದು. ಅಂದರೆ ಕೇಳಬೇಕಾದದ್ದು ಕಾನೂನನ್ನಲ್ಲ, ಆದೇಶವನ್ನು.

ಆಮೇಲೆ ಪ್ರಶ್ನೆ ಬರೆಯುವ ಕೆಲಸ. ನಮ್ಮ ವಿಧಾನಸಭೆಯ ಪ್ರಶ್ನೆಗಳು ಸಾಮಾನ್ಯವಾಗಿ (ಅ), (ಆ), (ಇ) ಎಂದು ಬಿಡಿಬಿಡಿಯಾಗಿರುತ್ತವೆ. ಹಳೆಯ ಉತ್ತರಗಳನ್ನು ತಿರುವಿಹಾಕಿದರೆ ಬಹಳಷ್ಟು ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದೇ ಶುರುವಾಗುತ್ತವೆ. ‘ನೋಡು ಮಾರಾಯ್ತಿ,’ ಅಂದರು ಅಕ್ಕ, ‘ಇದಕ್ಕೆ ಗಮನಕ್ಕೆ ಬಂದಿರುವುದಿಲ್ಲ ಅಂತ ಬರೆದರೆ ಮುಂದಿನದಕ್ಕೆಲ್ಲ ಪ್ರಶ್ನೆ ಉದ್ಭವಿಸುವುದಿಲ್ಲ ಅಂತ ಬರೆದು ಕೈತೊಳೆದುಕೊಳ್ತಾರೆ.’ ಹಾಗಾಗಿ (ಅ)ದಲ್ಲಿ ಲೆಕ್ಕ ಕೇಳಿದೆವು: ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಾಯ್ದೆಗೆ ಒಳಪಡುವ ತೋಟಗಳೆಷ್ಟು, ಶಿಶುಪಾಲನಾ ಕೇಂದ್ರ ಇರುವುದು ಎಷ್ಟರಲ್ಲಿ, ತಾಲ್ಲೂಕುವಾರು ವಿವರ ನೀಡುವುದು. (ಆ)ದಲ್ಲಿ ಸಣ್ಣ ತೋಟಗಳಿಗೆ ಆದೇಶ ಹೊರಡಿಸಲಾಗಿದೆಯೇ, ಇಲ್ಲದಿದ್ದರೆ ಯಾವಾಗ. (ಇ)ದಲ್ಲಿ, 2023-24ರ ಬಜೆಟ್‌ನಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗೆಂದು ಘೋಷಿಸಿದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳಿಗೆ ತೋಟದ ಮಕ್ಕಳನ್ನೂ ಸೇರಿಸಲು ಸಾಧ್ಯವೇ. ಇಷ್ಟು ಬರೆಯಲು ಸಂಜೆಯವರೆಗೆ ಕೂತೆವು. ಒಂದೊಂದು ಪದವನ್ನೂ ಅಧಿಕಾರಿಯ ಕಣ್ಣಿಂದ ಓದಿ, ನುಣುಚಿಕೊಳ್ಳಲು ದಾರಿ ಎಲ್ಲಿದೆ ಎಂದು ಹುಡುಕುವುದು ನಿಜಕ್ಕೂ ದೊಡ್ಡ ಕಲಿಕೆ.

ಶಾಸಕರ ಮನೆಯಲ್ಲಿ ಬೆಳಿಗ್ಗೆಯೇ ಜನ: ವರ್ಗಾವಣೆ, ರಸ್ತೆ, ಆನೆ ಹಾವಳಿ. ನಮಗೆ ಸಿಕ್ಕಿದ್ದು ಸ್ವಲ್ಪವೇ ಹೊತ್ತು. ‘ತೋಟದವರ ಮೇಲೆ ದೂರೇನಮ್ಮ ಇದು?’ ಎಂದರು. ‘ಇಲ್ಲ ಸರ್, ಸರ್ಕಾರದ ಹತ್ತಿರ ಇರೋ ಲೆಕ್ಕ ಕೇಳ್ತಿದ್ದೀವಿ’ ಎಂದೆ. ಓದಿದರು. ಪಿಎ ಕೈಗೆ ಕೊಟ್ಟು, ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿಸಲು ಹೇಳಿದರು.

ಬೆಳಗಾವಿ ಅಧಿವೇಶನಕ್ಕೆ ಪ್ರಶ್ನೆ ಕಳಿಸುವುದಾದರೆ ದೀಪಾವಳಿ ಹೊತ್ತಿಗೇ ಕರಡು ತಯಾರಿರಲಿ; ಪ್ರಶ್ನೆಯ ಸೂಚನಾ ಪತ್ರ ಮುಂಚಿತವಾಗಿಯೇ ವಿಧಾನಸಭೆ ಸಚಿವಾಲಯ ಮುಟ್ಟಬೇಕು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ, ಅದರಲ್ಲಿ 50 ಕಾರ್ಮಿಕರ ಲೆಕ್ಕ ಇದೆ. ಈಗ ಅದರ ಕಲಮುಗಳನ್ನು ಹಿಡಿದು, ಐವತ್ತಕ್ಕಿಂತ ಕಡಿಮೆ ಜನರಿರುವ ತೋಟದ ಕೂಸುಗಳಿಗೆ ಏನು ವ್ಯವಸ್ಥೆ ಎಂಬ ಪ್ರಶ್ನೆಯ ಕರಡು ಮಾಡುತ್ತಿದ್ದೇವೆ. ಹಾಸನ, ಕೊಡಗಿನಲ್ಲಿ ಇದೇ ಕೆಲಸ ಮಾಡುವವರು ನಿಮ್ಮ ತಾಲ್ಲೂಕಿನ ವಿವರಗಳೊಂದಿಗೆ ಜೊತೆಗೂಡಿ.