ಬೊಂಗ್‌ಜೊಂಗ್‌ಸಾದ ಹಂಚು

ಕೊರಿಯಾದಲ್ಲಿ ಹಳೆಯ ಬೌದ್ಧ ದೇವಸ್ಥಾನ ನೋಡಬೇಕಂದ್ರೆ ಸಾಮಾನ್ಯವಾಗಿ ಬೆಟ್ಟಕ್ಕೇ ಹೋಗಬೇಕು. ಜೊಸೊನ್ ಅರಸರ ಕಾಲದಲ್ಲಿ ಬೌದ್ಧರನ್ನು ಊರುಗಳಿಂದ ದೂರ ಸರಿಸಿದರು. ಭಿಕ್ಷುಗಳು ರಾಜಧಾನಿಯೊಳಗೆ ಬರಬಾರದು ಎಂಬ ತಡೆ ತೆರವಾಗಿದ್ದು 1895ರಲ್ಲಿ. ಬೆಟ್ಟದ ಮಡಿಲಲ್ಲಿದ್ದವು ಹೇಗೋ ಉಳಿದುಕೊಂಡವು. ಅಂಥ ಏಳು ದೇವಸ್ಥಾನಗಳು 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಅವುಗಳಲ್ಲಿ ಚಿಕ್ಕದು ಬೊಂಗ್‌ಜೊಂಗ್‌ಸಾ. ಆನ್‌ಡೊಂಗ್ ಪಟ್ಟಣದ ಹತ್ತಿರ ಚೊನ್‌ಡುಂಗ್ ಬೆಟ್ಟದಲ್ಲಿದೆ.

ಸೋಲ್‌ನಲ್ಲಿ ಓದುತ್ತಿರುವ ತಮ್ಮನ ಜೊತೆ ಅಲ್ಲಿಗೆ ಹೋಗಿದ್ದೆ. ಅಕ್ಟೋಬರ್ ಕೊನೆ. ಬೆಟ್ಟದ ಕೆಳಗಿನ ಹೊಲಗಳಲ್ಲಿ ಹಳದಿ ಸೇವಂತಿಗೆ ಅರಳಿತ್ತು. ಚಿಕ್ಕ ಚಿಕ್ಕ ಹೂವು. ಅದನ್ನು ಒಣಗಿಸಿ ಟೀ ಮಾಡುತ್ತಾರೆ. ಅಲ್ಲಿಂದ ಮೇಲಕ್ಕೆ ಪೈನ್ ಮರಗಳ ನಡುವೆ ದಾರಿ. ಕೊನೆಗೆ ಕಲ್ಲಿನ ಮೆಟ್ಟಿಲು. ಮೆಟ್ಟಿಲು ಮುಗಿಯುವಲ್ಲಿ ಮಾನ್ಸೆರು ಎಂಬ ಮರದ ಮಂಟಪ ಅಡ್ಡ ನಿಂತಿದೆ. ಅದರ ಅಡಿಯಿಂದಲೇ ಒಳಗೆ ಹೋಗಬೇಕು. ತಲೆ ಬಗ್ಗಿಸಿ ನುಗ್ಗಿ ಆಚೆ ಬಂದರೆ ಎದುರಿಗೇ ಅಂಗಳ.

ನಾನು ನೋಡಬೇಕು ಅಂದುಕೊಂಡಿದ್ದು ಗುಂಗ್‌ನಾಕ್‌ಜೊನ್ ಎಂಬ ಅಮಿತಾಭ ಬುದ್ಧನ ಗುಡಿ. ಕೊರಿಯಾದಲ್ಲಿ ಉಳಿದಿರುವ ಮರದ ಕಟ್ಟಡಗಳಲ್ಲೇ ಇದು ಅತಿ ಹಳೆಯದು ಎನ್ನುತ್ತಾರೆ. ನೋಡಲು ತುಂಬ ಸರಳ. ನಡುವೆ ಒಂದು ಹಲಗೆ ಬಾಗಿಲು, ಎರಡೂ ಕಡೆ ಸರಳಿನ ಕಿಟಕಿ, ಇಬ್ಬದಿಗೆ ಇಳಿದ ಹಂಚಿನ ಮಾಡು. ಮುಂದೆ ಮೂರು ಅಂತಸ್ತಿನ ಕಲ್ಲಿನ ಸ್ತೂಪ. ಪಕ್ಕದ ದೊಡ್ಡ ಗುಡಿಗೆ ಮರದ ಜಗಲಿಯಿದೆ, ಜನ ಜಾಸ್ತಿ ಅಲ್ಲೇ ಇದ್ದರು. ಗುಂಗ್‌ನಾಕ್‌ಜೊನ್ ಮುಂದೆ ನಾವಿಬ್ಬರೇ.

ಇದರ ವಯಸ್ಸು ಗೊತ್ತಾದ ಬಗೆ ನನಗೆ ಬಹಳ ಇಷ್ಟ. 1972ರಲ್ಲಿ ರಿಪೇರಿಗೆಂದು ಕಟ್ಟಡ ಬಿಚ್ಚಿದಾಗ ಒಳಗೆ ಒಂದು ಬರಹ ಸಿಕ್ಕಿತು. 1363ರಲ್ಲಿ ಮಾಡು ರಿಪೇರಿ ಮಾಡಿದೆವು ಎಂದು ಅದರಲ್ಲಿತ್ತು. ಆಗಲೇ ರಿಪೇರಿಗೆ ಬಂದಿತ್ತು ಅಂದಮೇಲೆ ಕಟ್ಟಿದ್ದು ಅದಕ್ಕೂ ಬಹಳ ಹಿಂದೆ ಅಲ್ವಾ? 12–13ನೇ ಶತಮಾನದ್ದು ಎಂದು ಅಂದಾಜು. ಅಲ್ಲಿಯವರೆಗೆ ಬುಸೊಕ್‌ಸಾ ದೇವಸ್ಥಾನದ ಗುಡಿಯೇ ಎಲ್ಲಕ್ಕಿಂತ ಹಳೆಯದು ಎಂದು ನಂಬಿದ್ದರಂತೆ. ಕಟ್ಟಿದವರ ಹೆಸರು ಅಲ್ಲ, ಸೋರುವ ಮಾಡನ್ನು ಸರಿಮಾಡಿದವರ ಮಾತು ಇದರ ವಯಸ್ಸು ಹೇಳಿತು. ಮರದ ಕಟ್ಟಡ ಇಷ್ಟು ಕಾಲ ನಿಲ್ಲುವುದೇ ಹಾಗೆ. ಯಾರಾದರೂ ಬರುತ್ತಿರಬೇಕು, ಹಳೇ ಹಂಚು ತೆಗೆದು ಹೊಸದು ಹಾಕುತ್ತಿರಬೇಕು.

ಪಕ್ಕದ ದಿಬ್ಬದ ಮೇಲೆ ಯೊಂಗ್‌ಸಾನಾಮ್ ಇದೆ. ಪುಟ್ಟ ಆಶ್ರಮ. ತಗ್ಗಾದ ಮರದ ಮನೆಗಳು, ನಡುವೆ ಏರುತಗ್ಗಿನ ಅಂಗಳ, ಬಂಡೆಯ ಮೇಲೆ ಬಾಗಿ ಬೆಳೆದ ಪೈನ್ ಮರ. ನೆಲ ಸಮ ಮಾಡುವ ಗೋಜಿಗೇ ಹೋಗಿಲ್ಲ. ಬಂಡೆ ಇದ್ದಲ್ಲೇ ಬಿಟ್ಟು ಸುತ್ತ ಮನೆ ಕಟ್ಟಿದ್ದಾರೆ. ಜಗಲಿಯ ಅಂಚಿನಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದೆ.

ಅಲ್ಲೇ ಮೂಲೆಯಲ್ಲಿ ಬೆಟ್ಟದ ದೇವರಿಗೂ ಜಾಗ ಇದೆ. ಕೊರಿಯಾದ ದೇವಸ್ಥಾನಗಳಲ್ಲಿ ಈ ದೇವರು ಬಿಳಿಗಡ್ಡದ ಮುದುಕ, ಪಕ್ಕದಲ್ಲಿ ಹುಲಿ. ಬುದ್ಧ ಬರುವ ಮೊದಲೇ ಜನ ನಂಬಿದ್ದ ದೇವರು. ಬುದ್ಧ ಬಂದಮೇಲೂ ಅವನನ್ನು ಹೊರಗೆ ಹಾಕಲಿಲ್ಲ. "ಅಕ್ಕಾ, ನಮ್ಮ ಮಾದಪ್ಪನ ನೆನಪಾಗತ್ತೆ" ಅಂದ ತಮ್ಮ. ನನಗೂ ಹುಲಿ ನೋಡಿದ ಕೂಡಲೇ ಮಲೆ ಮಹದೇಶ್ವರನೇ ಕಣ್ಣಿಗೆ ಬಂದಿದ್ದ.

ಮಧ್ಯಾಹ್ನ ಅಡುಗೆಮನೆಯ ಹೆಂಗಸೊಬ್ಬರು ಊಟಕ್ಕೆ ಕರೆದರು. ಅನ್ನ, ಬೇಯಿಸಿದ ಸೊಪ್ಪು, ಮೂಲಂಗಿ, ಕೆಂಪು ಮೆಣಸಿನ ಪೇಸ್ಟ್. ದೇವಸ್ಥಾನದ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಹಾಕುವುದಿಲ್ಲ. ಮಾಂಸ, ಮೀನು ಇಲ್ಲವೇ ಇಲ್ಲ. ಸಸ್ಯಾಹಾರಿಗಳಿಗೆ ಕೊರಿಯಾದಲ್ಲಿ ಹೊರಗೆ ಊಟ ಮಾಡುವುದು ಎಷ್ಟು ಕಷ್ಟ ಎಂದು ಅಲ್ಲಿ ಇದ್ದವರಿಗೆ ಗೊತ್ತು. ಏನು ಹಾಕಿದ್ದಾರೋ ಎಂದು ಕೇಳದೆ ಹೊಟ್ಟೆ ತುಂಬ ಉಂಡೆ. ಒಂದು ಅಗುಳೂ ಬಿಡಬಾರದು, ಬಟ್ಟಲು ನಾವೇ ತೊಳೆದಿಡಬೇಕು.

ಹೊರಡುವಾಗ ಅಂಗಳದ ಬದಿಯಲ್ಲಿ ಕಪ್ಪು ಹಂಚುಗಳ ಸಾಲು ಕಂಡಿತು. ಕಾಣಿಕೆ ಕೊಟ್ಟರೆ ಹಂಚಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ಹರಕೆ ಬರೆಯಬಹುದು. ಆಮೇಲೆ ಅದೇ ಹಂಚು ಮಾಡಿಗೆ ಹೋಗುತ್ತದೆ. ನಾನು ಅಮ್ಮನ ಹೆಸರು ಕನ್ನಡದಲ್ಲಿ ಬರೆದೆ. ಅಲ್ಲಿದ್ದ ಅಜ್ಜಿ ಹತ್ತಿರ ಬಂದು ಅಕ್ಷರಗಳ ಮೇಲೆ ಬೆರಳಾಡಿಸಿ, ಇದು ಯಾವ ದೇಶದ್ದು ಎಂದು ಕೇಳಿದರು. ತಮ್ಮ ಹೇಳಿದ. ಇದು ಯಾವ ಗುಡಿಯ ಮಾಡಿಗೆ ಹೋಗುತ್ತೆ ಎಂದು ಅವನ ಕೈಲಿ ಕೇಳಿಸಿದೆ. ಯಾವುದು ಮೊದಲು ಸೋರುತ್ತದೋ ಅದಕ್ಕೆ ಅಂದರು ಅಜ್ಜಿ.