ಬೆಂಕಿಯಿಂದ ಎಳೆದು ತಂದ ಗಿಣಿ

ಧಾರವಾಡ, 14 ಮಾರ್ಚ್ 2025, ಶುಕ್ರವಾರ

ಎರಡು ಸಲ ಸೋಪು ಹಚ್ಚಿ ತೊಳೆದರೂ ಕೈಗೆ ಹತ್ತಿದ ಹೊಗೆಯ ವಾಸನೆ ಹೋಗಿಲ್ಲ. ಇವತ್ತು ಹೋಳಿ. ನಸುಕಿನಲ್ಲಿ ನಮ್ಮ ಓಣಿಯ ಕಾಮಣ್ಣನನ್ನು, ಅಂದರೆ ಕಾಮನ ಹೆಸರಿನಲ್ಲಿ ಕೂಡಿಸಿದ ಕಟ್ಟಿಗೆಯ ರಾಶಿಯನ್ನು, ಸುಟ್ಟರು. ರಾತ್ರಿಯಿಡೀ ಹಲಗೆ ಬಡಿಯುತ್ತಿದ್ದರು, ನಿದ್ದೆ ಬರಲಿಲ್ಲ. ಎದ್ದು ಮೂರನೆಯ ಕಥೆ ಹಿಡಿದುಕೊಂಡು ಕುಳಿತೆ. ಒಂದು ಸಾಲೂ ಮುಂದೆ ಹೋಗಲಿಲ್ಲ.

ಆರು ತಿಂಗಳಿಂದ ಐದು ಕಥೆಗಳನ್ನು ಒಟ್ಟಿಗೆ ಬರೆಯುತ್ತಿದ್ದೇನೆ. ಎಲ್ಲವೂ ಮಾಯೆ-ಮಾಟದ ಕಥೆಗಳು. ಬೇರೆ ಬೇರೆ ಊರು, ಬೇರೆ ಬೇರೆ ಕಾಲ. ಆದರೆ ಒಂದೇ ಬೆಂಕಿ ಎಲ್ಲ ಕಥೆಗಳಲ್ಲೂ ಹಾದು ಹೋಗುತ್ತದೆ. ಮೊದಲ ಕಥೆಯ ಒಲೆಯಿಂದ ಎರಡನೆಯ ಕಥೆಯ ದೀಪಕ್ಕೆ, ಅಲ್ಲಿಂದ ಒಬ್ಬ ಕಮ್ಮಾರನ ಕುಲುಮೆಗೆ. ಹಿಂದೆ ಪಕ್ಕದ ಮನೆಯಿಂದ ಕುಳ್ಳಿನ ಮೇಲೆ ಕೆಂಡ ಇಸಕೊಂಡು ಬರುತ್ತಿದ್ದರಲ್ಲ, ಅದೇ ನನ್ನ ತಲೆಯಲ್ಲಿತ್ತು. ಎರಡು ಕಥೆ ಚೆನ್ನಾಗಿಯೇ ಬಂದವು. ಮೂರನೆಯದರಲ್ಲಿ ಬೆಂಕಿ ಇದೆ, ಮಾಯೆಯೂ ಇದೆ, ಒಂದಕ್ಕೊಂದು ಸಂಬಂಧ ಮಾತ್ರ ಇಲ್ಲ. ಮಂತ್ರವಾದಿ ಕೈ ಎತ್ತಿದರೆ ಉರಿ ಏಳುತ್ತದೆ, ಇಳಿಸಿದರೆ ಆರುತ್ತದೆ. ಹಾಗೆ ಹೇಳಿದಂತೆ ಕೇಳುವ ಬೆಂಕಿಗೆ ಯಾರು ಹೆದರುತ್ತಾರೆ?

ನಾಲ್ಕೂವರೆಗೆ ಪಕ್ಕದ ಮನೆಯ ಆಯಿ ಬಾಗಿಲು ಬಡಿದರು. "ಬಾರವಾ ತಂಗೀ, ಕಾಮಣ್ಣಗ ಬೆಂಕಿ ಹಚ್ಚಾಕತ್ತಾರ."

ಹುಡುಗರು ಎಂಟು ದಿನದಿಂದ ಕೂಡಿಸಿದ ರಾಶಿ ಓಣಿಯ ಮೂಲೆಯಲ್ಲಿತ್ತು. ಕಟ್ಟಿಗೆ, ಕುಳ್ಳು, ಮುರಿದ ಕುರ್ಚಿ, ಯಾರ ಮನೆಯದೋ ಬಾಗಿಲ ಚೌಕಟ್ಟು. ಕಾಮಣ್ಣನಿಗಾಗಿ ಕಟ್ಟಿಗೆ ಕುಳ್ಳು ಕದ್ದರೆ ನಮ್ಮ ಕಡೆ ಯಾರೂ ಅದನ್ನು ಕಳ್ಳತನ ಅನ್ನುವುದಿಲ್ಲ. ಮೇಲುಗಡೆ ಒಂದು ಹಳೆಯ ಕಲಘಟಗಿ ತೊಟ್ಟಿಲಿತ್ತು. ಕಾಲು ಮುರಿದಿತ್ತು, ಬಣ್ಣ ಅಲ್ಲಲ್ಲಿ ಎದ್ದು ಹೋಗಿತ್ತು. ಎಷ್ಟು ಮಕ್ಕಳು ಅದರಲ್ಲಿ ಮಲಗಿದ್ದವೋ ಏನೋ.

ಬೆಂಕಿ ಹಚ್ಚಿದರು. ಹುಡುಗರು ಬಾಯಿ ಮೇಲೆ ಕೈ ಬಡಿದುಕೊಂಡು ಹೊಯ್ಕೊಂಡರು. ಉರಿ ತೊಟ್ಟಿಲಿನ ಹತ್ತಿರ ಬಂದಾಗ ಎಂಟೊಂಬತ್ತು ವರ್ಷದ ಒಬ್ಬ ಹುಡುಗ ಫಕ್ಕನೆ ನುಗ್ಗಿದ. ತೊಟ್ಟಿಲಿಗೆ ತೂಗುಬಿಟ್ಟಿದ್ದ ಕಟ್ಟಿಗೆಯ ಗಿಣಿಯನ್ನು ಕಿತ್ತುಕೊಂಡ. ಅವನಪ್ಪ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು, ನಾಲ್ಕು ಬೈದರು. ಹುಡುಗ ಗಿಣಿ ಬಿಡಲಿಲ್ಲ.

ನಾನು ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಗಿಣಿಯ ಒಂದು ರೆಕ್ಕೆಯ ಹಸಿರು ಗುಳ್ಳೆ ಎದ್ದಿತ್ತು. ಆ ಬಣ್ಣದಲ್ಲಿ ಅರಗು ಇರುತ್ತದೆ, ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಅವನು ಒತ್ತಿ ಹಿಡಿದಲ್ಲಿ ಹೆಬ್ಬೆರಳು ಅಚ್ಚೊತ್ತಿತ್ತು. ನಾವು ನೋಡುತ್ತಿದ್ದಂತೆಯೇ ಅದು ಹಾಗೇ ಗಟ್ಟಿಯಾಯಿತು. ಬೆರಳಿನ ಗೆರೆಗಳು ಕೂಡ ಸುರುಳಿ ಸುರುಳಿಯಾಗಿ ಕಾಣುತ್ತಿದ್ದವು.

ಆಯಿ ಅದನ್ನು ತಿರುಗಿಸಿ ನೋಡಿ ಅವನ ಕೈಗೇ ವಾಪಸ್ ಕೊಟ್ಟರು. "ಬೆಂಕ್ಯಾಗಿಂದ ತಗದೀಯಲ್ಲಪಾ, ಇನ್ನ ಅದು ನಿನ್ನ ಬಿಡಂಗಿಲ್ಲ."

ನನಗೆ ಮೈ ಜುಮ್ಮೆಂದಿತು. ಮೂರನೆಯ ಕಥೆಗೆ ಏನು ಬೇಕಿತ್ತು ಅಂತ ಆಗ ಗೊತ್ತಾಯಿತು.

ಮಹಾಭಾರತದ ಖಾಂಡವ ವನ ನೆನಪಾಯಿತು. ಅಗ್ನಿಗೆ ತುಪ್ಪ ಜಾಸ್ತಿಯಾಗಿ ಅಜೀರ್ಣ, ಕಾಡು ತಿನ್ನಬೇಕು ಅಂತ ಬ್ರಾಹ್ಮಣನಾಗಿ ಬಂದು ಕೃಷ್ಣಾರ್ಜುನರನ್ನು ಬೇಡುತ್ತಾನೆ. ಕಾಡು ಉರಿಯುತ್ತದೆ. ಆ ಉರಿಯಿಂದ ಅಸುರರ ಶಿಲ್ಪಿ ಮಯ ಓಡಿ ಬರುತ್ತಾನೆ, ಅರ್ಜುನ ಅವನನ್ನು ಉಳಿಸುತ್ತಾನೆ. ಆ ಋಣಕ್ಕೆ ಮಯ ಇಂದ್ರಪ್ರಸ್ಥದಲ್ಲಿ ಸಭೆ ಕಟ್ಟಿಕೊಡುತ್ತಾನೆ. ನೆಲ ನೀರಿನಂತೆ, ನೀರು ನೆಲದಂತೆ. ಅಲ್ಲಿ ದುರ್ಯೋಧನ ಬೀಳುತ್ತಾನೆ, ನಗು ಕೇಳುತ್ತದೆ. ಮುಂದೆ ಜೂಜು, ವನವಾಸ, ಯುದ್ಧ. ಆದಿಪರ್ವ ಮುಗಿಯುವುದು ಖಾಂಡವದ ಬೆಂಕಿಯಲ್ಲಿ, ಸಭಾಪರ್ವ ಶುರುವಾಗುವುದು ಮಯನಿಂದ. ಒಂದು ಕಥೆಯ ಬೆಂಕಿಯಿಂದ ಹೊರಬಂದವನೇ ಮುಂದಿನ ಕಥೆಯ ಬಾಗಿಲು ತೆರೆಯುತ್ತಾನೆ. ಎಷ್ಟು ವರ್ಷದಿಂದ ಓದುತ್ತಿದ್ದೇನೆ, ಇದನ್ನು ಗಮನಿಸಿಯೇ ಇರಲಿಲ್ಲ.

ನಳನ ಕಥೆಯೂ ಹಾಗೇ ಅಲ್ವಾ? ಕಾಡ್ಗಿಚ್ಚಿನ ನಡುವೆ ಸಿಕ್ಕಿಕೊಂಡ ಕಾರ್ಕೋಟಕನನ್ನು ನಳ ಎತ್ತಿ ತರುತ್ತಾನೆ. ಹಾವು ಉಳಿಸಿದವನನ್ನೇ ಕಚ್ಚುತ್ತದೆ! ನಳ ಕುರೂಪಿಯಾಗುತ್ತಾನೆ. ಆದರೆ ಆ ವಿಷವೇ ಅವನ ಒಳಗೆ ಕುಳಿತು ಅವನನ್ನು ಕೆಡಿಸಿದ ಕಲಿಪುರುಷನನ್ನು ಸುಡುತ್ತದೆ. ಮಯ ಕೊಟ್ಟ ಚಂದದ ಸಭೆ ಮನೆ ಮುರಿಯಿತು, ಕಾರ್ಕೋಟಕ ಕೊಟ್ಟ ಕಡಿತ ಮನೆ ಕೂಡಿಸಿತು. ನಮ್ಮ ಹಳೆಯ ಕಥೆಗಳಲ್ಲಿ ನನಗೆ ಬಲು ಇಷ್ಟವಾದ ಮಾಯೆ ಇದೇ. ಅದು ಯಾರದೋ ಉಪಕಾರಸ್ಮರಣೆ. ಕೈಗೆ ಬಂದಾಗ ಒಳ್ಳೆಯದೋ ಕೆಟ್ಟದೋ ಹೇಳಲು ಬರುವುದಿಲ್ಲ.

ಹಾಗಾದರೆ ನನ್ನ ಕಥೆಗಳಲ್ಲಿ ಕೆಂಡ ಒಂದೇ ಮನೆಯಿಂದ ಮನೆಗೆ ಹೋದರೆ ಸಾಲದು. ಬೆಂಕಿಯಿಂದ ಯಾರೋ ಯಾರನ್ನೋ ಎಳೆದು ಉಳಿಸಬೇಕು. ಉಳಿದವರು ಮುಂದಿನ ಕಥೆಗೆ ಏನಾದರೂ ಹೊತ್ತು ತರಬೇಕು. ಮೂರನೆಯ ಕಥೆಗೆ ಮಂತ್ರವಾದಿಯೇ ಬೇಡ. ಎರಡನೆಯ ಕಥೆಯಲ್ಲಿ ಮನೆ ಸುಟ್ಟಾಗ ಕಮ್ಮಾರನ ಮಗಳು ಒಂದು ನಾಯಿಮರಿಯನ್ನು ಎತ್ತಿಕೊಂಡು ಓಡುತ್ತಾಳೆ. ಅದನ್ನು ಅಲ್ಲಿಯೇ ಮರೆತುಬಿಟ್ಟಿದ್ದೆ. ಈಗ ಅದೇ ಬೇಕು.

ಹೊರಗೆ ಉರಿ ತಗ್ಗಿತು. ಆಯಿ ಮುರಿದ ಮಣ್ಣಿನ ಹಂಚಿನಲ್ಲಿ ನಾಲ್ಕು ಕೆಂಡ ಹಾಕಿ ಕೊಟ್ಟರು. "ಹಂಗ ಬಯಲಾಗ ಒಯ್ಯಬ್ಯಾಡ, ಮ್ಯಾಲ ಬೂದಿ ಹಾಕ್ಕೋ." ಬೂದಿಯೊಳಗೆ ಗಾಳಿ ಕಡಿಮೆ, ಕೆಂಡ ನಿಧಾನ ಉರಿಯುತ್ತಾ ಬಹಳ ಹೊತ್ತು ಇರುತ್ತದೆ. ಮನೆಗೆ ಬಂದು ಬೂದಿ ಕೆದರಿದಾಗ ನಿಗಿನಿಗಿ ಅನ್ನುತ್ತಿತ್ತು. ಕಬ್ಬಿಣದ ಸಣ್ಣ ಬಾಣಲೆ ಇಟ್ಟು ಕಡಲೆ ಹುರಿದೆ. ಕಾಮಣ್ಣನ ಬೆಂಕಿಯ ಕಡಲೆ ತಿಂದರೆ ಹಲ್ಲು ಗಟ್ಟಿಯಾಗುತ್ತವೆ ಅಂತ ನಮ್ಮ ಅವ್ವ ಹೇಳುತ್ತಿದ್ದಳು. ಕೆಲವು ಚಟಪಟ ಸಿಡಿದು ಒಲೆಕಟ್ಟೆಯ ಕೆಳಗೆ ಹೋದವು.

ಕಡಲೆ ತಿನ್ನುವಾಗ ಅರಗಿನ ಮನೆ ನೆನಪಾಯಿತು. ಗಿಣಿಯ ಬಣ್ಣದಲ್ಲಿ ಅರಗು ಇತ್ತಲ್ಲ, ಅದಕ್ಕೇ ಇರಬೇಕು. ವಾರಣಾವತದಲ್ಲಿ ಪಾಂಡವರು ಸುರಂಗದಿಂದ ತಪ್ಪಿಸಿಕೊಂಡರು. ಆ ರಾತ್ರಿ ಒಳಗೆ ಮಲಗಿದ್ದ ಬೇಡರ ಹೆಂಗಸು ಮತ್ತು ಅವಳ ಐದು ಮಕ್ಕಳು ಸುಟ್ಟು ಹೋದರು. ಹೆಣ ನೋಡಿದವರು ಅದು ಕುಂತಿ ಮತ್ತು ಅವಳ ಮಕ್ಕಳೇ ಅಂದುಕೊಂಡರು. ಆ ಆರು ಜನರನ್ನು ಯಾರೂ ಕೈ ಹಿಡಿದು ಎಳೆಯಲಿಲ್ಲ. ಊಟಕ್ಕೆ ಬಂದವರು ಅವರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಉಳಿದವರೆಲ್ಲ ಮಾಯೆ ತರುತ್ತಾರೆ ಅಂದರೆ, ಉಳಿಯದ ಆ ತಾಯಿ ಏನು ತರುತ್ತಿದ್ದಳು?

ನಾಲ್ಕನೆಯ ಕಥೆ ಅವಳದು. ಆ ಆರು ಜನರಲ್ಲಿ ಒಬ್ಬನನ್ನಾದರೂ ನಾನು ಹೊರಗೆ ತರುತ್ತೇನೆ. ಎಲ್ಲರಿಗಿಂತ ಚಿಕ್ಕವನು, ನೀರು ಕುಡಿಯಲು ಎದ್ದವನು. ಅವನ ಕೈಯಲ್ಲಿ ಅರಗಿನ ಒಂದು ತುಂಡು ಅಂಟಿಕೊಂಡಿರುತ್ತದೆ, ಅದರ ಮೇಲೆ ಅವನ ಬೆರಳಿನ ಗುರುತು ಇರುತ್ತದೆ. ಅದು ಮುಂದೆ ಏನು ಮಾಡುತ್ತದೋ ಇನ್ನೂ ಹೊಳೆದಿಲ್ಲ.

ಈಗ ಹತ್ತು ಗಂಟೆ. ಓಣಿಯಲ್ಲಿ ಬಣ್ಣ ಶುರುವಾಗಿದೆ. ಆ ಹುಡುಗ ಗಿಣಿಯನ್ನು ಅಂಗಿಯ ಒಳಗೆ ಇಟ್ಟುಕೊಂಡೇ ಆಡುತ್ತಿದ್ದಾನೆ. ಬಣ್ಣ ತಾಗದಿರಲಿ ಅಂತ ಒಂದು ಕೈಯಿಂದ ಎದೆ ಹಿಡಿದುಕೊಂಡು ಓಡುತ್ತಿದ್ದಾನೆ.